ರಟ್ಟೆಯಿದ್ದವರು ಹೋದ ಮೇಲೆ

ದೀಪಾವಳಿ ಮುಗಿದ ಮೂರನೆಯ, ನಾಲ್ಕನೆಯ ದಿನ ಸಂಜೆ ಗದಗ ಜಿಲ್ಲೆಯ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತು ನೋಡಬೇಕು. ಮಂಗಳೂರು ಬಸ್ಸಿಗೆ ಕಾದು ಕುಳಿತವರ ಸಾಮಾನು ಕಂಡರೆ ಸಾಕು, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಜೋಳದ ಹಿಟ್ಟಿನ ಚೀಲ, ಬಾಯಿಗೆ ಬಟ್ಟೆ ಕಟ್ಟಿದ ಖಾರದಪುಡಿಯ ಡಬ್ಬಿ, ಸುರುಳಿ ಸುತ್ತಿದ ತಾಡಪತ್ರಿ, ಕರಣೆ ಮತ್ತು ತೂಗುಗುಂಡು ತುರುಕಿದ ಪ್ಲಾಸ್ಟಿಕ್ ಬಕೆಟ್, ಅದರ ಪಕ್ಕದಲ್ಲೇ ಹಳೆಯ ಸೀರೆಯಲ್ಲಿ ಸುತ್ತಿದ ಹಾಲುಗೂಸು. ಪುರ್ತಗೇರಿ ಕಡೆಯಿಂದ, ಗುಡ್ಡದ ಮಗ್ಗುಲಿನ ಲಂಬಾಣಿ ತಾಂಡಾಗಳಿಂದ ಟಂಟಂ ಹತ್ತಿ ಬಂದವರು ಇವರು. ಕಳಿಸಲು ಬಂದ ಮುದುಕಿಯ ಬೆರಳು ಹಿಡಿದು ಆರೇಳು ವರ್ಷದ ಹುಡುಗನೊಬ್ಬ ನಿಂತಿರುತ್ತಾನೆ. ಬಸ್ಸು ಹೊರಟಾಗ ಅವನು ಅಳುವುದಿಲ್ಲ. ಹೋದ ವರ್ಷವೇ ಅತ್ತು ಮುಗಿಸಿರುತ್ತಾನೆ.

ನಮ್ಮ ಕಡೆ ಇದಕ್ಕೆ ಗುಳೆ ಎನ್ನುತ್ತಾರೆ. ಮನೆಗೆ ಹೋಗಿ ಕೇಳಿದರೆ ಬರುವ ಉತ್ತರ ಎರಡೇ ಶಬ್ದದ್ದು: ‘ದುಡಿಯಾಕ ಹೋಗ್ಯಾರ.’ ಗುಳೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಹೋದವರ ಸುದ್ದಿ. ಎಲ್ಲಿ ಶೆಡ್ ಹಾಕಿದರು, ಎಲ್ಲಿ ಗೋಡೆ ಕುಸಿಯಿತು, ಯಾವ ತಿರುವಿನಲ್ಲಿ ಗಾಡಿ ಪಲ್ಟಿಯಾಯಿತು. ಆ ಸುದ್ದಿಗಳು ಬರಲೇಬೇಕು. ಆದರೆ ನಾನು ಇವತ್ತು ಬರೆಯಬೇಕೆಂದಿರುವುದು ಬಸ್ಸು ಹೋದ ಮೇಲೆ ಟಂಟಂ ಹತ್ತಿ ಹಿಂದಿರುಗುವ ಆ ಮುದುಕಿ ಮತ್ತು ಆ ಹುಡುಗನ ಬಗ್ಗೆ. ಅವರು ಬಂದು ಸೇರುವ ಅರ್ಧ ಬೀಗ ಬಿದ್ದ ತಾಂಡಾದ ಬಗ್ಗೆ.

ಮೊದಲು ಒಂದು ತಪ್ಪು ಮಾತನ್ನು ಪಕ್ಕಕ್ಕಿಡಬೇಕು. ಲಂಬಾಣಿಗರ ಗುಳೆಯ ಮಾತು ಬಂದಾಗ ಓದಿದವರೂ, ಕಚೇರಿಯಲ್ಲಿ ಕುಳಿತವರೂ ಸಲೀಸಾಗಿ ಆಡುವ ಮಾತದು: ‘ಅವರು ಮೊದಲಿಂದ ಅಲೆಮಾರಿಗಳು, ಒಂದು ಕಡೆ ನಿಲ್ಲುವುದು ಅವರ ರಕ್ತದಲ್ಲೇ ಇಲ್ಲ.’ ಈ ಒಂದು ಮಾತಿನಿಂದ ಎಲ್ಲರ ಹೊಣೆಯೂ ಕಳಚಿ ಬೀಳುತ್ತದೆ. ಹರಿಯುವ ನೀರಿಗೆ ಯಾರು ಯಾಕೆ ಹರಿಯುತ್ತೀ ಎಂದು ಕೇಳುತ್ತಾರೆ? ಆದರೆ ಈ ಮಾತು ಇತಿಹಾಸಕ್ಕೂ ಸಲ್ಲುವುದಿಲ್ಲ, ಇವತ್ತಿಗೂ ಸಲ್ಲುವುದಿಲ್ಲ.

ತಾಂಡಾ ಎಂದರೆ ಇವತ್ತು ನಮಗೆ ಊರಾಚೆಯ ಲಂಬಾಣಿ ಕೇರಿ. ಮೂಲದಲ್ಲಿ ಆ ಶಬ್ದಕ್ಕೆ ಸಾಗುವ ತಂಡ ಎಂದು ಅರ್ಥ; ಎತ್ತುಗಳ ಬೆನ್ನ ಮೇಲೆ ಹೇರು ಹೊರಿಸಿಕೊಂಡು ನಡೆಯುವ ವರ್ತಕರ ಗುಂಪು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಉತ್ತರ ಭಾರತದ ದಾರಿಯಲ್ಲಿ ಧಾನ್ಯ ಹೊತ್ತ ಸುಮಾರು 14,000 ಎತ್ತುಗಳ ಒಂದು ತಾಂಡಾವನ್ನು ಕಂಡು ಬರೆದಿಟ್ಟ. ಅವನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ನನಗೆ ಎತ್ತುಗಳ ಲೆಕ್ಕಕ್ಕಿಂತ ದೊಡ್ಡದು. ಆ ಜನ ಹೆಂಡತಿ ಮಕ್ಕಳನ್ನೂ ಇಡೀ ಸಂಸಾರವನ್ನೂ ಜೊತೆಗೇ ಕರೆದುಕೊಂಡು ನಡೆಯುತ್ತಿದ್ದರು. ಮುದುಕರು, ಬಸುರಿಯರು, ಮಕ್ಕಳು, ನ್ಯಾಯ ಹೇಳುವ ನಾಯಕ, ಅವನ ಜೊತೆಯ ಕಾರಭಾರಿ ಮತ್ತು ಡಾವೋ, ಹಾಡು, ಹಬ್ಬ, ಹಿರಿಯರ ನೆನಪು, ಎಲ್ಲವೂ ಎತ್ತಿನ ಹೆಜ್ಜೆಯಲ್ಲೇ ಸಾಗುತ್ತಿತ್ತು. ಅಲ್ಲಿ ಮನೆ ಬಿಟ್ಟು ಹೋಗುವುದೆಂಬುದೇ ಇರಲಿಲ್ಲ. ಮನೆಯೇ ನಡೆಯುತ್ತಿತ್ತು.

ನಮ್ಮ ಘಟ್ಟದ ಮೇಲಿನ ಸೀಮೆಗೂ ಕಡಲಿಗೂ ನಡುವೆ ನಡೆದಾಡಿದ್ದು ಇದೇ ತಾಂಡಾ. ಬಯಲುಸೀಮೆಯ ಕಾಳು ಕಡಿ ಕೆಳಗಿಳಿಯುತ್ತಿತ್ತು, ಕಡಲ ಉಪ್ಪು ಮೇಲೇರುತ್ತಿತ್ತು. ಲವಣ ಸಾಗಿಸುವವರಾದ್ದರಿಂದಲೇ ಲಮಾಣಿ, ಲಂಬಾಣಿ ಎಂಬ ಹೆಸರು ಬಂತೆಂದು ಹೇಳುವವರಿದ್ದಾರೆ. ದಂಡಿಗೂ ಇವರೇ ಅಕ್ಕಿ ಬೇಳೆ ಒದಗಿಸುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಂಗ್ಲಿಷರ ಸೇನೆಯ ಹೊಟ್ಟೆ ತುಂಬಿದ್ದೂ ಬಂಜಾರರ, ಅಂದರೆ ಇವರದೇ ಎತ್ತುಗಳಿಂದ. ಗಜೇಂದ್ರಗಡ ಇಂಥ ದಂಡುಗಳ ಹಾದಿಯಲ್ಲೇ ಇದ್ದ ಊರು. ಟಿಪ್ಪುವಿಗೂ ಮರಾಠರಿಗೂ 1787ರಲ್ಲಿ ಒಪ್ಪಂದವಾದದ್ದು ಇಲ್ಲಿ.

ಆಮೇಲೆ ಬಂಡಿಯ ರಸ್ತೆ ಬಂತು, ಅದರ ಹಿಂದೆ ಉಗಿಬಂಡಿ ಬಂತು. 1880ರ ದಶಕದಲ್ಲಿ ಗದಗದಿಂದ ಹೊಟಗಿಯ ಕಡೆ ಹಳಿ ಹಾಕಿದರು. ರೋಣ ಸೀಮೆಯ ಹೊಳೆಆಲೂರಿನ ಮೇಲೆ ಇವತ್ತಿಗೂ ಹೋಗುವ ದಾರಿ ಅದು. ಒಂದು ಗೂಡ್ಸ್ ಗಾಡಿ ಹೊತ್ತೊಯ್ಯುವ ಹೇರಿಗೆ ಎಷ್ಟು ಎತ್ತು ಬೇಕು, ಎಷ್ಟು ದಿನ ಬೇಕು, ಎಣಿಸಿ ನೋಡಿ. ಒಂದೆರಡು ತಲೆಮಾರಿನಲ್ಲಿ ಹೇರೆತ್ತಿನ ವ್ಯಾಪಾರ ಸತ್ತಿತು. ಅದು ಸಾಯುತ್ತಿದ್ದ ಕಾಲಕ್ಕೇ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಬಂತು. ಅಲೆದಾಡಿ ಬದುಕುವ ಸಮುದಾಯಗಳನ್ನು ಹುಟ್ಟಾ ಕಳ್ಳರೆಂದು ಬರೆದುಕೊಂಡು, ಪೊಲೀಸರ ಅಪ್ಪಣೆ ಇಲ್ಲದೆ ಊರು ಬಿಡಬಾರದೆಂದು ಕಟ್ಟುಮಾಡಿದ ಕಾನೂನು. ಲಂಬಾಣಿಗರ ಹಲವು ಗುಂಪುಗಳೂ ಅದರ ಕಣ್ಣಿಗೆ ಬಿದ್ದವು. ಗದಗ ಬೆಟಗೇರಿಯಲ್ಲಿ, ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂದು ಇವತ್ತಿಗೂ ಜನ ಕರೆಯುವ ಬಡಾವಣೆಗಳು ಆ ಕಾಲದ ಬೇಲಿಯ ಗುರುತು. ಆ ಕಾನೂನು ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಮೊದಲು ನಡೆಯುವುದನ್ನು ಅಪರಾಧ ಮಾಡಿ ಒಂದು ಕಡೆ ಕೂರಿಸಿದರು. ಮೂರು ನಾಲ್ಕು ತಲೆಮಾರು ಕುಳಿತು ಒಕ್ಕಲುತನ ಕಲಿತವರನ್ನು ಇವತ್ತು ‘ಅಲೆಯುವುದು ಅವರ ಸ್ವಭಾವ’ ಎನ್ನುತ್ತಿದ್ದೇವೆ. ಇದು ಸಣ್ಣ ಅನ್ಯಾಯವಲ್ಲ.

ಇದೇ ಅನ್ಯಾಯವನ್ನು ಇಷ್ಟೇ ಸ್ಪಷ್ಟವಾಗಿ ಉಂಡ ಇನ್ನೊಂದು ಜನ ಭೂಮಿಯ ಮೇಲಿದ್ದಾರೆ. ಯುರೋಪಿನ ರೋಮಾ. ಸಾವಿರ ವರ್ಷಕ್ಕೂ ಹಿಂದೆ ಭಾರತದಿಂದ ಪಶ್ಚಿಮಕ್ಕೆ ಹೊರಟವರು; ಇವತ್ತು ಯುರೋಪಿನಲ್ಲಿ ಅವರ ಸಂಖ್ಯೆ ಒಂದು ಕೋಟಿಯಿಂದ ಒಂದು ಕೋಟಿ ಇಪ್ಪತ್ತು ಲಕ್ಷ ಎಂದು ಅಂದಾಜು. ಲಂಬಾಣಿಗರೂ ರೋಮಾಗಳೂ ಒಂದೇ ಕುಲ ಎಂದು ವೇದಿಕೆಗಳಲ್ಲಿ ಹೇಳುವುದುಂಟು. ಅಷ್ಟು ದೂರ ಹೋಗಲು ಗಟ್ಟಿ ಆಧಾರವಿಲ್ಲ. ಆದರೆ ಮಾತಿನ ನೆಂಟಸ್ತಿಕೆ ನಿಜ. ರೋಮಾಗಳ ಭಾಷೆಯೂ ನಮ್ಮ ತಾಂಡಾದ ಗೋರಬೋಲಿಯೂ ಒಂದೇ ಇಂಡೋ ಆರ್ಯನ್ ಕುಟುಂಬದವು. ರೊಮೇನಿಯಾದ ರೋಮಾ ಮಗು ಯೇಕ್, ದುಯ್, ತ್ರಿನ್, ಶ್ತಾರ್, ಪಾಂಜ್ ಎಂದು ಎಣಿಸುತ್ತದೆ. ನೀರಿಗೆ ಅವರೂ ಪಾನಿ ಎನ್ನುತ್ತಾರೆ, ಮೂಗಿಗೆ ನಾಕ್, ಕಿವಿಗೆ ಕಾನ್. ಗಜೇಂದ್ರಗಡದ ಸಂತೆಗೆ ಬಂದ ಲಂಬಾಣಿ ಅಜ್ಜಿಯ ಮುಂದೆ ಇಷ್ಟು ಶಬ್ದ ಹೇಳಿದರೆ ಅವಳಿಗೆ ಯಾರೂ ಅರ್ಥ ಬಿಡಿಸಬೇಕಾಗಿಲ್ಲ. ಲಂಬಾಣಿಗರು ತಮ್ಮನ್ನು ಗೋರ್ ಎಂದೂ ಹೊರಗಿನವರನ್ನು ಕೋರ್ ಎಂದೂ ಕರೆಯುವಂತೆ ಅವರಲ್ಲೂ ಒಳಗಿನವನು ರೋಮ್, ಹೊರಗಿನವನು ಗಾಜೋ. 1971ರಲ್ಲಿ ಲಂಡನ್ ಬಳಿ ಸೇರಿದ ಅವರ ಮೊದಲ ಜಾಗತಿಕ ಸಮಾವೇಶದಲ್ಲಿ ಒಪ್ಪಿದ ಬಾವುಟದ ನಡುವೆ ಹದಿನಾರು ಅರೆಗಳ ಚಕ್ರವಿದೆ.

ಅವರೂ ಅಲೆಮಾರಿಗಳೆಂದೇ ಹೆಸರುವಾಸಿ. ನಿಜ ಬೇರೆ. ರೊಮೇನಿಯಾದ ಸೀಮೆಗಳಲ್ಲಿ ಅವರನ್ನು ಶತಮಾನಗಳ ಕಾಲ ಗುಲಾಮರಾಗಿ ನೆಲಕ್ಕೆ ಕಟ್ಟಿಹಾಕಿದ್ದರು. ಅದು ಕೊನೆಗೊಂಡದ್ದು 1850ರ ದಶಕದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಅವರನ್ನು ಲಕ್ಷಗಟ್ಟಲೆ ಕೊಂದರು. ಉಳಿದವರಲ್ಲಿ ಬಹುಪಾಲು ಜನ ಪೂರ್ವ ಯುರೋಪಿನ ಹಳ್ಳಿ ಪಟ್ಟಣಗಳ ಅಂಚಿನಲ್ಲಿ ನೆಲೆನಿಂತು ಸರ್ಕಾರಿ ಹೊಲಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದರು. 1989ರ ನಂತರ ಆ ಹೊಲ, ಆ ಕಾರ್ಖಾನೆ ಮುಚ್ಚಿದವು. ಮೊದಲು ಕೆಲಸ ಕಳೆದುಕೊಂಡವರು ಇವರು. 2007ರ ಜನವರಿ 1ರಂದು ರೊಮೇನಿಯಾ, ಬಲ್ಗೇರಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಗಡಿ ಸಡಿಲವಾಗಿ ಇಟಲಿ, ಸ್ಪೇನ್, ಫ್ರಾನ್ಸ್, ಇಂಗ್ಲೆಂಡಿಗೆ ದುಡಿಯಲು ಹೊರಟರು. 2010ರಲ್ಲಿ ಫ್ರಾನ್ಸ್ ಸರ್ಕಾರ ಅವರ ಗುಡಾರಗಳನ್ನು ಕಿತ್ತುಹಾಕಿ ವಿಮಾನ ಹತ್ತಿಸಿ ವಾಪಸು ಕಳಿಸಿತು. ಹೊಟ್ಟೆಪಾಡಿಗೆ ಬಂದವರನ್ನು ಅಲ್ಲಿಯೂ ‘ಅಲೆಯುವ ಜನ’ ಎಂದೇ ಕಂಡರು. ಅವರ ಹಿಂದೆ ರೊಮೇನಿಯಾದ ಹಳ್ಳಿಗಳಲ್ಲಿ ಉಳಿದದ್ದು ಏನೆಂದು ಕೇಳಿದರೆ ಪುರ್ತಗೇರಿ ಸುತ್ತಿನವರಿಗೆ ಆಶ್ಚರ್ಯವಾಗಲಿಕ್ಕಿಲ್ಲ: ಅಜ್ಜಿಯರು, ಮೊಮ್ಮಕ್ಕಳು, ಹೊರಗಿನ ದುಡ್ಡಿನಲ್ಲಿ ಎದ್ದು ಒಳಗೆ ಯಾರೂ ವಾಸವಿಲ್ಲದ ಮನೆಗಳು.

ಹಾಗಾದರೆ ನಮ್ಮಲ್ಲಿ ಯಾಕೆ ಹೋಗುತ್ತಾರೆ? ಕಾರಣ ಹುಡುಕಲು ರಕ್ತದವರೆಗೆ ಹೋಗಬೇಕಾಗಿಲ್ಲ, ಮಣ್ಣು ನೋಡಿದರೆ ಸಾಕು. ನರಗುಂದ ಮತ್ತು ರೋಣದ ಪಡುವಣ ಭಾಗದಲ್ಲಿ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ನವಿಲುತೀರ್ಥದ ಆಣೆಕಟ್ಟಿನ ಮಲಪ್ರಭೆ ಕಾಲುವೆಯೂ ಆ ಕಡೆಗೆ. ಕಾಲುವೆಯಲ್ಲಿ ನೀರು ಬರುವುದಿಲ್ಲ ಎಂಬ ಸಿಟ್ಟಿನಿಂದಲೇ 1980ರಲ್ಲಿ ನರಗುಂದ ಬಂಡೆದ್ದದ್ದು, ಮಹದಾಯಿ ನದಿಯ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕುಳಿತದ್ದು. ಆದರೂ ಅಲ್ಲಿ ಕಾಲುವೆ ಎಂಬುದೊಂದು ಇದೆ, ಜಗಳ ಆಡಲಿಕ್ಕಾದರೂ. ಗಜೇಂದ್ರಗಡದ ಕಡೆ ನೆಲ ಏರುತ್ತಾ ಗುಡ್ಡವಾಗುತ್ತದೆ. ಕಾಲುವೆಯ ನೀರು ಇಲ್ಲಿಗೆ ಹತ್ತುವುದಿಲ್ಲ. ಎರಿ ಹೊಲವಿದ್ದವನು ಮುಂಗಾರಿಗೆ ಹೆಸರು ತೆಗೆದು, ನೆಲದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುತ್ತಾನೆ. ಇಲ್ಲಿನ ಮಸಾರಿಗೆ, ಅಂದರೆ ಕೆಂಪು ಮಣ್ಣಿಗೆ, ಆ ಭಾಗ್ಯವಿಲ್ಲ. ಸಜ್ಜೆ, ಶೇಂಗಾ, ಹೆಸರು ಎಂದು ಒಂದು ಬೆಳೆ ಕೈಗೆ ಬಂದರೆ ಬಂತು. ತಾಂಡಾಗಳು ಇರುವುದು ಬಹುತೇಕ ಈ ಮಸಾರಿ, ಗರಸು ನೆಲದಲ್ಲಿ, ಗುಡ್ಡದ ಬುಡದಲ್ಲಿ. ಊರುಗಳು ಒಳ್ಳೆಯ ನೆಲವನ್ನೆಲ್ಲ ಹಿಡಿದು ನೂರಾರು ವರ್ಷವಾದ ಮೇಲೆ ನೆಲೆನಿಂತವರಿಗೆ ಸಿಕ್ಕಿದ್ದು ಅಷ್ಟು.

ಆ ಒಂದು ಬೆಳೆ ಮುಗಿದರೆ ದೀಪಾವಳಿಯಿಂದ ಮುಂದಿನ ಮಿರಗ (ಮೃಗಶಿರಾ) ಮಳೆಯ ತನಕ ಏಳು ತಿಂಗಳು ಹೊಲದಲ್ಲಿ ಕೆಲಸವಿಲ್ಲ. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ನಿಲ್ಲಿಸಿದ ಮೇಲೆ ಅವಕ್ಕೆ ಬೇಕಾದದ್ದು ಒಂದಿಬ್ಬರು ಕಾವಲುಗಾರರು. ಪಟ್ಟೇದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದಲ್ಲಿ ನೇಕಾರನಿಗೇ ಮಗ್ಗ ಸಾಕಾಗುತ್ತಿಲ್ಲ, ಹೊರಗಿನವರಿಗೆ ಎಲ್ಲಿಂದ ಬರಬೇಕು? ಉದ್ಯೋಗ ಖಾತ್ರಿಯಲ್ಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು, ಅದೂ ವರ್ಷಕ್ಕೆ ಮನೆಗೆ ನೂರು ದಿನ. ಮಂಗಳೂರಿನಲ್ಲಿ ಗೌಂಡಿಗೆ ಅದರ ಎರಡು ಪಟ್ಟು ಮೀರಿ ಸಿಗುತ್ತದೆ, ಕೂಲಿ ಅವತ್ತೇ ಅಥವಾ ವಾರಕ್ಕೆ ಕೈಗೆ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಅಂಥ ವರ್ಷ ದೀಪಾವಳಿಯ ತನಕ ಕಾಯುವವರೂ ಇರುವುದಿಲ್ಲ. ಲಂಬಾಣಿಗರಷ್ಟೇ ಅಲ್ಲ, ಮಾದಿಗರು, ವಡ್ಡರು, ಕುರುಬರು, ನೆಲ ಸಾಲದ ಯಾವ ಜಾತಿಯವರೂ ಈ ಬಸ್ಸು ಹತ್ತುತ್ತಾರೆ. ತಾಂಡಾದಲ್ಲಿ ಹತ್ತುವವರ ಪಾಲು ಹೆಚ್ಚು, ಅಷ್ಟೇ.

ಹೋಗುವ ದಾರಿಯೂ ಹಳೆಯದೇ. ಮಂಗಳೂರು, ಉಡುಪಿ, ಗೋವಾ. ಅಜ್ಜಂದಿರು ಉಪ್ಪು ತರಲು ಇಳಿದ ಅದೇ ಕಡಲ ದಂಡೆ. ಗೋವಾದ ವಾಸ್ಕೋದಲ್ಲಿ ಬೈನಾ, ಝುವಾರಿನಗರದಂಥ ಕಡೆ ನಮ್ಮ ಜನರ ಕೇರಿಗಳೇ ಬೆಳೆದವು. 2004ರ ಜೂನ್‌ನಲ್ಲಿ ಬೈನಾ ಕಡಲತೀರದ ಗುಡಿಸಲುಗಳನ್ನು ಬುಲ್ಡೋಜರ್ ನೆಲಸಮ ಮಾಡಿದಾಗ ಸುರಿಯುವ ಮಳೆಯಲ್ಲಿ ಬೀದಿಗೆ ಬಿದ್ದವರಲ್ಲಿ ಬಹಳ ಮಂದಿ ಕನ್ನಡಿಗರು. ಕಲಂಗುಟ್, ಅಂಜುನಾದ ಮರಳಿನಲ್ಲಿ ಕನ್ನಡಿ ಬಿಲ್ಲೆಯ ಚೀಲ, ಕಾಲ್ಗೆಜ್ಜೆ ಮಾರುವ ಲಂಬಾಣಿ ಹೆಂಗಸರ ಚಿತ್ರವನ್ನು ಪ್ರವಾಸಿಗಳು ತೆಗೆದುಕೊಳ್ಳುತ್ತಾರೆ. ಅಲ್ಲಿ ಇವರನ್ನು ಘಾಟಿ ಎನ್ನುತ್ತಾರೆ, ಅಂದರೆ ಘಟ್ಟದ ಮೇಲಿನವರು. ಕರಾವಳಿಯಲ್ಲಿ ಗದಗಿನವರಾಗಲಿ ಕೊಪ್ಪಳದವರಾಗಲಿ ಎಲ್ಲರೂ ‘ಬಿಜಾಪುರದವರು’. ಹೋದ ಕಡೆ ಊರಿನ ಹೆಸರೂ ಉಳಿಯುವುದಿಲ್ಲ.

ಈಗ ಹಿಂದೆ ಉಳಿದವರ ಕಡೆ ಬರುತ್ತೇನೆ. ಹಳೆಯ ತಾಂಡಾ ಹೊರಟಾಗ ಯಾರೂ ಹಿಂದೆ ಉಳಿಯುತ್ತಿರಲಿಲ್ಲ ಎಂದೆನಲ್ಲ, ಈ ಗುಳೆಯ ನಿಯಮ ಅದರ ತಲೆಕೆಳಗು. ರಟ್ಟೆಯಿದ್ದವರು ಮಾತ್ರ ಹೋಗಬೇಕು. ಶೆಡ್ಡಿನಲ್ಲಿ ಜಾಗವಿಲ್ಲ, ಮೇಸ್ತ್ರಿ ಕೂಲಿ ಕೊಡುವುದು ಕೈಗೆ, ಬಾಯಿಗಲ್ಲ. ಮೊಲೆಯುಣ್ಣುವ ಕೂಸು ತಾಯಿಯ ಜೊತೆ ಹೋಗುತ್ತದೆ. ಹನ್ನೆರಡು ದಾಟಿದ ಹುಡುಗ ಸಿಮೆಂಟ್ ಬುಟ್ಟಿ ಹೊರಬಲ್ಲ, ಅವನೂ ಹೋಗುತ್ತಾನೆ. ನಡುವಿನವರು, ಅಂದರೆ ಮೂರರಿಂದ ಹನ್ನೊಂದರವರು, ಬಹುಪಾಲು ಅಜ್ಜಿಯ ಪಾಲು. ಎಪ್ಪತ್ತರ ಹತ್ತಿರದ ಹೆಂಗಸು ನಾಲ್ಕೈದು ಮೊಮ್ಮಕ್ಕಳಿಗೆ ಮತ್ತೊಮ್ಮೆ ತಾಯಿಯಾಗುತ್ತಾಳೆ. ಕಣ್ಣಿಗೆ ಪೊರೆ ಬಂದಿರುತ್ತದೆ, ಮೊಣಕಾಲು ಹಿಡಿದಿರುತ್ತದೆ, ರಾತ್ರಿ ಒಂದು ಮಗುವಿಗೆ ಜ್ವರ ಏರಿದರೆ ಗಜೇಂದ್ರಗಡದ ಆಸ್ಪತ್ರೆಗೆ ಗಾಡಿ ಹೊಡೆಯಬಲ್ಲ ಒಬ್ಬ ಗಂಡಸೂ ಆ ಸಾಲಿನಲ್ಲಿ ಇರುವುದಿಲ್ಲ. ಅವಳ ಕೈಯಲ್ಲಿರುವುದು ಸಂಧ್ಯಾ ಸುರಕ್ಷೆಯ 1,200 ರೂಪಾಯಿ, ಪಡಿತರದ ಅಕ್ಕಿ, ಮಗ ಫೋನಿನಲ್ಲಿ ಕಳಿಸಿದಾಗ ಬರುವ ಹಣ. ಆ ಹಣ ತೆಗೆಯಲು ಅಂಗಡಿಯವನಿಗೆ ಫೋನ್ ಕೊಡಬೇಕು, ಅವನು ಹೇಳಿದ ಲೆಕ್ಕ ನಂಬಬೇಕು.

ಶಾಲೆಯ ಕತೆ ಎಲ್ಲಕ್ಕಿಂತ ಸಂಕಟದ್ದು. ಶಾಲೆಯ ವರ್ಷ ಜೂನ್‌ನಿಂದ ಏಪ್ರಿಲ್‌ವರೆಗೆ; ಗುಳೆಯ ವರ್ಷ ನವೆಂಬರ್‌ನಿಂದ ಮೇ ತನಕ. ಎರಡೂ ಒಂದರ ಹೊಟ್ಟೆಯನ್ನು ಇನ್ನೊಂದು ಸರಿಯಾಗಿ ನಡುವೆ ಸೀಳುತ್ತವೆ. ತಂದೆತಾಯಿಯ ಜೊತೆ ಹೋದ ಮಗು ಮೊದಲ ಸೆಮಿಸ್ಟರ್ ಕನ್ನಡ ಶಾಲೆಯಲ್ಲಿ ಕಲಿಯುತ್ತದೆ, ಎರಡನೆಯದನ್ನು ಮರಳಿನ ರಾಶಿಯ ಮೇಲೆ ಕಳೆಯುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ಮುಂದಿನ ಜೂನ್‌ನಲ್ಲಿ ಅದು ಮೇಲಿನ ತರಗತಿಗೆ ಬಂದು ಕುಳಿತಾಗ, ಮೊದಲೇ ಮನೆಯಲ್ಲಿ ಗೋರಬೋಲಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯಬೇಕಾದ ಮಗುವಿಗೆ ಅಕ್ಷರವೇ ಅಪರಿಚಿತವಾಗಿರುತ್ತದೆ. ಹಿಂದೆ ಉಳಿದ ಮಗುವೂ ಗೆದ್ದಿತೆಂದಲ್ಲ. ಅಜ್ಜಿ ಹುಲ್ಲಿಗೆ ಹೋದರೆ ತಂಗಿಯನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಮನೆಯಲ್ಲಿ ನಿಲ್ಲಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗು ಹೋದ ಕಡೆ ಶಾಲೆ ಸೇರಬಹುದೆಂದು ಹೇಳುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಸೈಟು ಬದಲಾಗುವ ಶೆಡ್ಡಿನ ಮಗುವನ್ನು ಯಾರು ಕೈಹಿಡಿದು ಕರೆದೊಯ್ಯಬೇಕು? ಋತುಮಾನ ವಸತಿನಿಲಯ ಎಂಬ ಯೋಜನೆ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ಕಾಗದದಲ್ಲಿದೆ: ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಇಟ್ಟುಕೊಂಡು ಊಟ, ಹಾಸಿಗೆ, ಪಾಠ ಕೊಡುವುದು. ನಾನು ಕಂಡ ಎಲ್ಲ ಪರಿಹಾರಗಳಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ. ಅದು ದೀಪಾವಳಿಯ ಮರುವಾರವೇ ತೆರೆದಿರಬೇಕು, ಜನವರಿಯಲ್ಲಿ ಮಂಜೂರಾತಿ ಬಂದರೆ ಆಗಲೇ ಮಗು ಬಸ್ಸು ಹತ್ತಿ ಎರಡು ತಿಂಗಳಾಗಿರುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಲೆಕ್ಕವಿದೆ. ಹದಿಮೂರು ಹದಿನಾಲ್ಕರ ಹುಡುಗಿಯನ್ನು ಬಾಗಿಲಿಲ್ಲದ ಶೆಡ್ಡಿಗೆ ಕರೆದೊಯ್ಯಲು ತಾಯಿಗೆ ಭಯ, ಕಣ್ಣು ಕಾಣದ ಅಜ್ಜಿಯ ಬಳಿ ಬಿಡಲೂ ಭಯ. ಎರಡು ಭಯದ ನಡುವೆ ಮೂರನೆಯ ದಾರಿಯಾಗಿ ಕಾಣುವುದು ಮದುವೆ. ಬಾಲ್ಯವಿವಾಹ ಅಜ್ಞಾನದಿಂದ ನಡೆಯುತ್ತದೆಂದು ಗೋಡೆಬರಹ ಬರೆಸುತ್ತೇವೆ. ಇಲ್ಲಿ ನಡೆಯುವ ಹಲವು ಮದುವೆಗಳು ಅಜ್ಞಾನದವಲ್ಲ. ಮಗಳಿಗೊಂದು ಬಾಗಿಲಿರುವ ಮನೆ ಸಿಗಲಿ ಎಂದು ಯೋಚಿಸಿ ಯೋಚಿಸಿ ಮಾಡಿದವು. ಹಾಸ್ಟೆಲಿನ ಒಂದು ಮಂಚ ಅಂಥ ಒಂದು ಮದುವೆಯನ್ನು ತಡೆಯುತ್ತದೆ ಎಂದು ನಾನು ನಂಬಿದ್ದೇನೆ.

ತಾಂಡಾದ ಒಳಗಿನ ವ್ಯವಸ್ಥೆಗೂ ಗೆದ್ದಲು ಹಿಡಿದಿದೆ. ನಾಯಕನ ಕಟ್ಟೆಯ ಮೇಲೆ ಕುಳಿತು ಜಗಳ ಬಗೆಹರಿಸಲು ಎರಡೂ ಕಡೆಯವರು ಊರಲ್ಲಿರಬೇಕಲ್ಲ? ಒಬ್ಬ ಉಡುಪಿಯಲ್ಲಿ, ಇನ್ನೊಬ್ಬ ಮಡಗಾಂವದಲ್ಲಿ. ದನ ಸಾಕಣೆ ಲಂಬಾಣಿಗರ ಹೇರೆತ್ತಿನ ಕಾಲದ ಕೊನೆಯ ನೆನಪಾಗಿತ್ತು. ಮೇಯಿಸುವವರಿಲ್ಲದೆ ಹಟ್ಟಿಗಳು ಬರಿದಾದವು, ಮುದುಕಿಯ ಕೈಗೆ ಆಗುವಷ್ಟು ಎರಡು ಆಡು ಉಳಿದವು. ಫೇಟಿಯಾ ಎಂಬ ಲಂಗಕ್ಕೆ, ಕಾಂಚಳಿ ಎಂಬ ರವಿಕೆಗೆ ಕನ್ನಡಿ, ಕವಡೆ ಕೂರಿಸಿ ಹೊಲಿಯುವ ಕೈ ಚಳಿಗಾಲದ ಬಿಡುವಿನಲ್ಲಿ ಪಳಗುತ್ತಿತ್ತು. ಆ ಬಿಡುವೇ ಈಗ ಕಾಂಕ್ರೀಟಿನ ಕಾಲ. ಸಂಡೂರಿನಲ್ಲಿ ಅದೇ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿ, ಕೇಂದ್ರವೊಂದು ನೂರಾರು ಹೆಂಗಸರ ಕೈಗೆ ಕೆಲಸ ಕೊಟ್ಟು, ಜಗತ್ತೆಲ್ಲ ಕೊಂಡಾಡುವಂತಾಗಿದೆ. ಗಜೇಂದ್ರಗಡದ ತಾಂಡಾಗಳ ಅಜ್ಜಿಯರಿಗೂ ಅದೇ ಹೊಲಿಗೆ ಗೊತ್ತು. ಅವರಿಂದ ಕಲಿಯಬೇಕಾದ ಸೊಸೆಯಂದಿರು ಊರಲ್ಲಿಲ್ಲ.

ಹಬ್ಬಕ್ಕೆ ಮಾತ್ರ ತಾಂಡಾ ಮತ್ತೆ ತಾಂಡಾ ಆಗುತ್ತದೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಮೇರಾ ಎಂಬ ಹಾರೈಕೆ ಹೇಳುತ್ತಾರೆ, ಮರುದಿನ ಕಾಡಿಗೆ ಹೋಗಿ ಹೂ ತರುತ್ತಾರೆ. ಹೋದವರೆಲ್ಲ ಆ ರಾತ್ರಿಗೆ ಬಂದಿರಲೇಬೇಕು. ಎಷ್ಟು ಸಾಲವಿದ್ದರೂ ಬರುತ್ತಾರೆ. ಹೋಳಿಯ ಲೇಂಗಿ ಹಾಡಿಗೆ ಬರುವವರು ಕಡಿಮೆಯಾಗಿದ್ದಾರೆ, ಫೆಬ್ರವರಿ 15ರ ಸಂತ ಸೇವಾಲಾಲ್ ಜಯಂತಿಗೆ ಹುಡುಗರು ಒಂದು ದಿನದ ರಜೆ ಹಾಕಿ ಬಂದು ಹೋಗುತ್ತಾರೆ. ಇನ್ನು ಬರುವುದು ಮತದಾನದ ದಿನ, ಆವತ್ತು ಗಾಡಿಯ ವ್ಯವಸ್ಥೆ ಬೇರೆಯವರದು.

ಗುಳೆಯಿಂದ ಕೆಟ್ಟದ್ದೇ ಆಯಿತೆಂದು ನಾನು ಬರೆದರೆ ಅದು ಸುಳ್ಳಾಗುತ್ತದೆ, ಹೋಗಿಬಂದವರೇ ಒಪ್ಪುವುದಿಲ್ಲ. ಹುಲ್ಲಿನ ಛಾವಣಿಯ ಜಾಗದಲ್ಲಿ ಸ್ಲ್ಯಾಬ್ ಬಿದ್ದದ್ದು ಆ ದುಡ್ಡಿನಿಂದ. ಊರ ಸಾಹುಕಾರನ ಮನೆಯ ಮುಂದೆ ಕೈಕಟ್ಟಿ ನಿಂತು ವರ್ಷದ ಸಂಬಳಕ್ಕೆ ದುಡಿಯುವುದು ತಪ್ಪಿದ್ದು ಆ ದುಡ್ಡಿನಿಂದ. ಕರಾವಳಿಯಲ್ಲಿ ಯಾರ ಜಾತಿಯನ್ನೂ ಕೇಳದೆ ಕೂಲಿ ಎಣಿಸಿ ಕೊಡುವುದನ್ನು ಕಂಡು ಬಂದವನು ಊರಲ್ಲಿ ಬೇರೆ ರೀತಿ ತಲೆ ಎತ್ತಿ ಮಾತಾಡುತ್ತಾನೆ. ಅಣ್ಣ ಗಾರೆ ಕಲಸಿದ ದುಡ್ಡಿನಲ್ಲಿ ತಮ್ಮ ಗದಗಿನಲ್ಲಿ, ಧಾರವಾಡದಲ್ಲಿ ಓದಿ ನೌಕರಿ ಹಿಡಿದ ಮನೆಗಳಿವೆ. 1977ರಿಂದ ಈ ಭಾಗದ ಲಂಬಾಣಿಗರಿಗೂ ಪರಿಶಿಷ್ಟ ಜಾತಿಯ ಸೌಲಭ್ಯ ಸಿಕ್ಕಿತು. ಅದನ್ನು ಕೈಗೆಟುಕಿಸಿಕೊಳ್ಳುವಷ್ಟು ಓದಲು ಬೇಕಾದ ಹಣ ಹಲವು ಮನೆಗಳಿಗೆ ಬಂದದ್ದು ಗುಳೆಯಿಂದಲೇ. ಆದ್ದರಿಂದ ಗುಳೆ ತಡೆಯಬೇಕು ಎಂಬ ಘೋಷಣೆ ನನ್ನದಲ್ಲ. ದುಡಿಯಲು ಹೋಗುವುದು ಯಾರದೇ ಹಕ್ಕು. ಹೋಗದಿದ್ದರೆ ಉಪವಾಸ ಎಂಬ ಸ್ಥಿತಿಯೂ, ಹೋದರೆ ಮನೆ ಒಡೆಯುತ್ತದೆ ಎಂಬ ಸ್ಥಿತಿಯೂ ಹೋಗಬೇಕು.

ಒಡೆಯುವುದಕ್ಕೆ ಬಡತನದಷ್ಟೇ ನಮ್ಮ ಕಾಗದಪತ್ರಗಳೂ ಕಾರಣ. ಸರ್ಕಾರದ ಕಣ್ಣಿಗೆ ಒಂದು ಸಂಸಾರ ಒಂದೇ ಊರಲ್ಲಿ ಇರುತ್ತದೆ. ಗುಳೆಯ ಸಂಸಾರಕ್ಕೆ ಎರಡು ಕಡೆ ಒಲೆ, ಒಂದೇ ಕಾರ್ಡು. ಈಗ ಪಡಿತರವನ್ನು ಎಲ್ಲಿ ಬೇಕಾದರೂ ಪಡೆಯಬಹುದು, ನಿಜ. ಆದರೆ ಅಲ್ಲಿ ತೆಗೆದುಕೊಂಡಷ್ಟು ಇಲ್ಲಿ ಕಡಿಮೆ, ಮುದುಕಿಯ ಅಕ್ಕಿಯನ್ನು ಕಸಿದು ತಿಂದಂತಾಗುತ್ತದೆಂದು ಮಗ ಅಲ್ಲಿ ಅಂಗಡಿಯಲ್ಲೇ ಕೊಳ್ಳುತ್ತಾನೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಮೂರು ಸೈಟು, ಮೂರು ಮೇಸ್ತ್ರಿ ಆದವನಿಗೆ ಯಾರು ಸಹಿ ಹಾಕುತ್ತಾರೆ? 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆ ಮಾತ್ರ ಯಾರೂ ಎಣಿಸದ ಒಂದು ಉಪಕಾರ ಮಾಡಿದೆ. ಮಂಗಳೂರಿನಲ್ಲಿರುವ ತಾಯಿ ಮಗುವಿಗೆ ಹುಷಾರಿಲ್ಲವೆಂದರೆ ಟಿಕೆಟ್ ದುಡ್ಡಿನ ಚಿಂತೆಯಿಲ್ಲದೆ ಬಸ್ಸು ಹತ್ತಬಲ್ಲಳು. ಗೋವಾದಲ್ಲಿರುವ ತಾಯಿಗೆ ಆ ಅನುಕೂಲವಿಲ್ಲ, ಹೊರರಾಜ್ಯದ ಬಸ್ಸಿಗೆ ಯೋಜನೆ ಅನ್ವಯಿಸುವುದಿಲ್ಲ. ಪಂಚಾಯ್ತಿಗಳ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಗುಳೆಯ ತಾಂಡಾಗಳಲ್ಲಿ ಸಂಜೆಯವರೆಗೂ ತೆರೆದಿದ್ದರೆ ಅಜ್ಜಿಯ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಬಹಳ ದೊಡ್ಡದು. ಕಾಲ ಕೆಳಗಿನ ನೆಲ ತನ್ನದಾಗುವುದು ಯಾರಿಗೆ ಬೇಡ? ಮನೆಗೆ ಹಕ್ಕುಪತ್ರ ಬಂದ ಮೇಲೆ ಆ ಮನೆಯಲ್ಲಿ ವರ್ಷವಿಡೀ ವಾಸಿಸಲು ಬೇಕಾದ ಕೆಲಸ ಮುಂದಿನ ಪ್ರಶ್ನೆ.

2020ರ ಬೇಸಿಗೆಯಲ್ಲಿ ಒಂದು ಸಲ ಎಲ್ಲರೂ ಒಟ್ಟಿಗೆ ಬಂದರು. ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನಿಗೆ ಕಡಲೂರುಗಳಲ್ಲಿ ಸಿಕ್ಕಿಹಾಕಿಕೊಂಡು, ಮೇ ಮೊದಲ ವಾರ ಸರ್ಕಾರ ಬಿಟ್ಟ ಉಚಿತ ಬಸ್ಸುಗಳಲ್ಲಿ ಇಳಿದರು. ಗಜೇಂದ್ರಗಡ 2018ರಲ್ಲಷ್ಟೇ ರೋಣದಿಂದ ಬೇರೆಯಾಗಿ ತಾಲ್ಲೂಕಾದ ಊರು. ತನ್ನ ಎಷ್ಟು ಜನ ಹೊರಗಿದ್ದಾರೆಂಬುದು ಅದಕ್ಕೆ ಕಣ್ಣಾರೆ ಕಂಡದ್ದು ಆಗ. ರಟ್ಟೆಯಿದ್ದವರು, ಇಲ್ಲದವರು ಒಂದೇ ಸೂರಿನಡಿ ಇದ್ದ ಆ ಮಳೆಗಾಲದಲ್ಲಿ ಕೆರೆ ಹೂಳು ತೆಗೆದರು, ಬದು ಹಾಕಿದರು, ಬೀಳುಬಿಟ್ಟ ಮಸಾರಿಯನ್ನು ಹರಗಿ ಬಿತ್ತಿದರು. ಕೆಲಸ ಕೊಟ್ಟರೆ ಇವರು ನಿಲ್ಲುತ್ತಾರೆಯೇ ಎಂಬ ಪ್ರಶ್ನೆಗೆ ಅದಕ್ಕಿಂತ ಬೇರೆ ಉತ್ತರ ಬೇಕೆ? ಒಂದು ವರ್ಷದಲ್ಲಿ ಮತ್ತೆ ಬಸ್ಸು ಹತ್ತಿದರು, ಯಾಕೆಂದರೆ ಕೆರೆಯ ಕೆಲಸ ಮುಗಿದಿತ್ತು.

ಮಿರಗದ ಮೊದಲ ಹನಿಗೆ ಇವರು ತಿರುಗಿ ಬರುತ್ತಾರೆ. ಗಜೇಂದ್ರಗಡದ ನಿಲ್ದಾಣದಲ್ಲಿ ಬೆಳಗಿನ ಜಾವ ಅದೇ ಬಕೆಟ್, ಅದೇ ತಾಡಪತ್ರಿ ಇಳಿಯುತ್ತವೆ. ಹಿಟ್ಟಿನ ಚೀಲದ ಜಾಗದಲ್ಲಿ ಒಂದು ಹೊಸ ಸ್ಕೂಲ್ ಬ್ಯಾಗು, ಒಂದು ಗೊಂಬೆ. ಲಂಬಾಣಿ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ. ಬಂದಿಳಿದ ಹೆಂಗಸು ಬಾಗಿಲಲ್ಲಿ ಕುಳಿತು ಮೂರು ವರ್ಷದ ಮಗಳ ಕಡೆ ಎರಡೂ ಕೈ ಚಾಚುತ್ತಾಳೆ. ಮಗು ‘ಯಾಡಿ’ ಎಂದು ಕೂಗಿ ಓಡುತ್ತದೆ, ಅಜ್ಜಿಯ ಕಡೆಗೆ.